ಮಾರಿದವನ ಬಳಿಯೇ ಉಳಿದ ಮಾತು

"16 ಅಡಿ ಫೈಬರ್ ದೋಣಿ, 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಫುಲ್ ಮಾಡಿಫೈಡ್, ಒಬ್ಬರೇ ಓನರ್, ಸಮಯ ಸಾಲದ್ದರಿಂದ ಮಾರಾಟಕ್ಕಿದೆ." ಮಂಗಳೂರಿನಿಂದ ಕಾರವಾರದ ತನಕ, ಗೋವಾ ದಾಟಿ ಅಲಿಬಾಗಿನವರೆಗೂ, ಕರಾವಳಿಯ ಯಾವ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಾದರೂ ಇಂಥದೊಂದು ಒಕ್ಕಣೆ ಕಣ್ಣಿಗೆ ಬೀಳಬಹುದು. ಕೊಳ್ಳುವವರು ಈಗ ಮೀನುಗಾರರು ಮಾತ್ರ ಅಲ್ಲ. ಹೊಳೆದಂಡೆಯಲ್ಲಿ ಹೋಮ್‌ಸ್ಟೇ ತೆರೆದವರು, ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿ ತಮ್ಮದೂ ಒಂದು ದೋಣಿ ಇರಲಿ ಎಂದುಕೊಂಡವರು, ರಜೆ ಸಿಕ್ಕಾಗ ಗಾಳ ಹಿಡಿದು ಬರುವ ಪುಣೆ, ಬೆಂಗಳೂರಿನವರು, ಎಲ್ಲರೂ ಇದ್ದಾರೆ. ಹೊಸ ದೋಣಿ ಕಟ್ಟಿಸಿ ಹೊಸ ಎಂಜಿನ್ ತರುವುದಕ್ಕಿಂತ ಇದು ಅಗ್ಗ. ಅದರ ಮೇಲೆ "ಮಾಡಿಫೈಡ್" ಎಂಬ ಪದ ಬೇರೆ. ಯಾರೋ ಮೊದಲೇ ಕೈಯಿಂದ ಖರ್ಚು ಹಾಕಿ ಸುಧಾರಿಸಿದ್ದಾರೆ, ಅದರ ಲಾಭ ಇನ್ನು ಕೊಂಡವರಿಗೆ ಎಂಬಂತೆ ಅದು ಕೇಳಿಸುತ್ತದೆ.

ತಕರಾರು ಇರುವುದು ಆ ಪದದ ಮೇಲೆಯೇ. ಬೈಕಿಗೆ ಬೇರೆ ಸೈಲೆನ್ಸರ್ ಹಾಕಿಸಿದರೆ ಸದ್ದು ಬದಲಾಗುತ್ತದೆ, ಪೊಲೀಸರು ದಂಡ ಹಾಕಬಹುದು. ಅಲ್ಲಿಗೆ ಮುಗಿಯಿತು. ದೋಣಿಯಲ್ಲಿ ಹಾಗಲ್ಲ. ಎಂಜಿನ್ ಬದಲಿಸಿದರೆ ಹಿಂಬದಿಯ ಭಾರ ಬದಲಾಗುತ್ತದೆ, ಭಾರ ಬದಲಾದರೆ ತೇಲುವ ಮಟ್ಟ, ತೇಲುವ ಮಟ್ಟ ಬದಲಾದರೆ ಅಲೆ ಒಳಗೆ ನುಗ್ಗುವ ಸಾಧ್ಯತೆ. ಬದಲಾವಣೆ ಮಾಡಿದವನಿಗೆ ಇದೆಲ್ಲ ಮೈಗೆ ಗೊತ್ತಾಗಿರುತ್ತದೆ. ಯಾವ ಗಾಳಿಯಲ್ಲಿ ಎಷ್ಟು ವೇಗ, ಯಾರನ್ನು ಎಲ್ಲಿ ಕೂರಿಸಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂದು ಅವನು ಯೋಚಿಸದೆಯೇ ಮಾಡುತ್ತಿರುತ್ತಾನೆ. ಮಾರಾಟದ ದಿನ ಎಂಜಿನ್, ಹಗ್ಗ, ಲಂಗರು, ಪೆಟ್ರೋಲ್ ಡಬ್ಬಿ ಎಲ್ಲವೂ ಹೊಸಬನ ಕೈಗೆ ಬರುತ್ತವೆ. ಆ ತಿಳಿವಳಿಕೆ ಮಾತ್ರ ಬರುವುದಿಲ್ಲ. ಹಳೆಯ ದೋಣಿಯ ವ್ಯಾಪಾರದಲ್ಲಿ ತುಕ್ಕಿಗಿಂತ, ಸವೆದ ಪ್ರೊಪೆಲ್ಲರಿಗಿಂತ ದೊಡ್ಡ ಅಪಾಯ ಇದು. ಇದರ ಬಗ್ಗೆ ನಮ್ಮಲ್ಲಿ ಬಹುತೇಕ ಯಾರೂ ಮಾತಾಡುವುದಿಲ್ಲ.

ಔಟ್‌ಬೋರ್ಡ್ ಎಂಜಿನ್ನಿನ ಗುಣವೇ ಇದಕ್ಕೆ ದಾರಿ ಮಾಡಿಕೊಡುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡ್ 1909ರ ಹೊತ್ತಿಗೆ ಅದನ್ನು ಮಾರುಕಟ್ಟೆಗೆ ತಂದಾಗ ಅದರ ಆಕರ್ಷಣೆ ಒಂದೇ ಆಗಿತ್ತು: ಇರುವ ದೋಣಿಯನ್ನು ಒಡೆಯಬೇಕಿಲ್ಲ, ಹಿಂಬದಿಗೆ ಸಿಕ್ಕಿಸಿ ಬಿಗಿದರೆ ಸಾಕು. ನಮ್ಮ ಕರಾವಳಿಯ ನಾಡದೋಣಿಗಳಿಗೂ ಅದು ಒಗ್ಗಿದ್ದು ಅದಕ್ಕೇ. ಯಾವ ಎಂಜಿನ್ನನ್ನು ಯಾವ ದೋಣಿಗೆ ಬೇಕಾದರೂ ತೂಗುಹಾಕಬಹುದು ಎನ್ನುವ ಈ ಸಲೀಸು, ತೂಗುಹಾಕಬಾರದ್ದನ್ನೂ ತೂಗುಹಾಕಲು ಬಿಡುತ್ತದೆ.

ಒಕ್ಕಣೆಯಲ್ಲಿರುವ 16 ಅಡಿ, 40 ಎಚ್‌ಪಿ ಲೆಕ್ಕವನ್ನೇ ನೋಡಬಹುದು. ಅದು ಸರಿಯೋ ತಪ್ಪೋ? ಅಮೆರಿಕದಲ್ಲಿ 1971ರ ದೋಣಿ ಸುರಕ್ಷತಾ ಕಾಯಿದೆಯ ನಂತರ 20 ಅಡಿಗಿಂತ ಚಿಕ್ಕದಾದ ಮಾಮೂಲಿ ಮೋಟಾರು ದೋಣಿಗಳಿಗೆ ತಯಾರಕರು ಒಂದು ಫಲಕ ಅಂಟಿಸಲೇಬೇಕಾಯಿತು. ಎಷ್ಟು ಜನ, ಎಷ್ಟು ತೂಕ, ಎಷ್ಟು ಎಚ್‌ಪಿ ಎಂದು ಅದರಲ್ಲಿರುತ್ತದೆ. ಎಚ್‌ಪಿ ಲೆಕ್ಕ ಹಾಕಲು ಅಲ್ಲಿನ ನಿಯಮದಲ್ಲಿ ಸರಳ ಸೂತ್ರವೊಂದಿದೆ. ದೋಣಿಯ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಬೇಕು. 16 ಅಡಿ ಉದ್ದ, 5 ಅಡಿ ಅಗಲವಾದರೆ 80. ಕಾರಿನಂತೆ ಸ್ಟೀರಿಂಗ್ ಚಕ್ರವಿದ್ದು ಹಿಂಬದಿಯ ಹಲಗೆ 20 ಇಂಚು ಎತ್ತರವಿದ್ದರೆ, 80ರ ಎರಡರಷ್ಟರಲ್ಲಿ 90 ಕಳೆದು 70 ಎಚ್‌ಪಿ ತನಕ ಸರಿ. ಚಕ್ರವಿಲ್ಲದೆ ಎಂಜಿನ್ನಿನ ಹಿಡಿಯನ್ನೇ ಹಿಡಿದು ನಡೆಸುವ ದೋಣಿಯಾದರೆ ಅದೇ ಅಳತೆಗೆ 39 ಬರುತ್ತದೆ, ಹತ್ತಿರದ ಐದರ ಲೆಕ್ಕಕ್ಕೆ ಏರಿಸಿ 40. ತಳ ಚಪ್ಪಟೆಯಾಗಿ ಬದಿಗಳು ಮೂಲೆ ಕಟ್ಟಿದಂತಿದ್ದರೆ 25 ಮಾತ್ರ. ಒಂದೇ ಉದ್ದ, ಒಂದೇ ಅಗಲ, ಮೂರು ಉತ್ತರ. ಹಾಗಾಗಿ ನಮ್ಮ ಒಕ್ಕಣೆಯ 40 ಎಚ್‌ಪಿ ಒಂದು ದೋಣಿಗೆ ಧಾರಾಳವಾಗಿ ಹಗುರ, ಇನ್ನೊಂದಕ್ಕೆ ಗಡಿಯ ಮೇಲೆ, ಮತ್ತೊಂದಕ್ಕೆ ಪ್ರಾಣಾಪಾಯ. ತಳ ಹೇಗಿದೆ, ಹಿಡಿಯೋ ಚಕ್ರವೋ ಎಂದು ಒಕ್ಕಣೆ ಹೇಳುವುದೇ ಇಲ್ಲ. ಕೊಳ್ಳುವವರೂ ಕೇಳುವುದು ಮೈಲೇಜನ್ನು.

ಎಂಜಿನ್ನಿನ ಶಕ್ತಿ ಒಂದು ಕಡೆ, ತೂಕ ಇನ್ನೊಂದು ಕಡೆ. ಹಳೆಯ ದೋಣಿಗಳನ್ನು ಟೂ ಸ್ಟ್ರೋಕ್ ಎಂಜಿನ್ನಿನ ಕಾಲದಲ್ಲಿ ಕಟ್ಟಿದ್ದು. 40 ಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್ ಎಪ್ಪತ್ತು ಎಪ್ಪತ್ತೈದು ಕೆಜಿ ತೂಗಿದರೆ ಅಷ್ಟೇ ಶಕ್ತಿಯ ಫೋರ್ ಸ್ಟ್ರೋಕ್ ನೂರರ ಹತ್ತಿರ ಹೋಗುತ್ತದೆ. ಎಣ್ಣೆ ಕಡಿಮೆ ಕುಡಿಯುತ್ತದೆ, ಹೊಗೆ ಕಡಿಮೆ, ಸದ್ದೂ ಕಡಿಮೆ ಎಂದು ಬದಲಿಸಿದವರು ಸಂತೋಷಪಡುತ್ತಾರೆ, ಅದು ನಿಜವೂ ಹೌದು. ಆದರೆ ಆ ಇಪ್ಪತ್ತೈದು ಕೆಜಿ ಕೂರುವುದು ದೋಣಿಯ ತುತ್ತತುದಿಯಲ್ಲಿ. ಅದರ ಪಕ್ಕದಲ್ಲಿ ಎಂಜಿನ್ ನಡೆಸುವವನು, ಅವನ ಕಾಲ ಬಳಿ ತೈಲದ ಡಬ್ಬಿ, ಬ್ಯಾಟರಿ. ದೋಣಿಯ ಹಿಂಬದಿ ತಗ್ಗುತ್ತದೆ, ಮೂತಿ ಏರುತ್ತದೆ. ಮಳೆನೀರು ತಾನಾಗಿ ಹೊರಹೋಗಲಿ ಎಂದು ಬಿಟ್ಟ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಅವು ನೀರನ್ನು ಒಳಗೆ ತರುತ್ತವೆ. ವೇಗವಾಗಿ ಹೋಗುತ್ತಿದ್ದ ದೋಣಿಯ ಎಂಜಿನ್ನನ್ನು ಹೊಸಬ ಗಾಬರಿಯಲ್ಲಿ ಥಟ್ಟನೆ ಇಳಿಸಿದರೆ ದೋಣಿ ನಿಧಾನವಾಗುತ್ತದೆ, ಅದೇ ಎಬ್ಬಿಸಿದ ಅಲೆ ಮಾತ್ರ ನಿಧಾನವಾಗುವುದಿಲ್ಲ. ಹಿಂದಿನಿಂದ ಬಂದು ತಗ್ಗಿದ ಹಲಗೆಯ ಮೇಲಿಂದ ಒಳಗೆ ಸುರಿಯುತ್ತದೆ.

ಇದನ್ನೆಲ್ಲ ಓದಿ ಮಾರ್ಪಾಡು ಮಾಡಿದವರೆಲ್ಲ ಮೋಸಗಾರರು ಎಂದುಕೊಂಡರೆ ತಪ್ಪಾಗುತ್ತದೆ. ಕರಾವಳಿಯಲ್ಲಿ ಮಾರ್ಪಾಡಾಗದ ದೋಣಿ ಸಿಗುವುದೇ ಕಷ್ಟ. ಅದು ಅಲ್ಲಿನ ಆಚಾರಿಯ, ಮೆಕ್ಯಾನಿಕ್ಕಿನ, ಮೀನುಗಾರನ ವಿದ್ಯೆ. ಪೆಟ್ರೋಲ್ ಎಂಜಿನ್ನನ್ನು ಸೀಮೆಎಣ್ಣೆಗೆ ಒಗ್ಗಿಸಿದ್ದನ್ನೇ ನೋಡಿ. ಸೀಮೆಎಣ್ಣೆ ಪೆಟ್ರೋಲಿನಷ್ಟು ಒತ್ತಡ ತಡೆಯದೆ ಬೇಗ ಸಿಡಿಯುವುದರಿಂದ ಹೆಡ್ಡಿಗೆ ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸುತ್ತಾರೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ದಡ ಹತ್ತಿರವಾದಾಗ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸುತ್ತಾರೆ. ಹೊಟ್ಟೆಪಾಡಿನ ಲೆಕ್ಕದಲ್ಲಿ ಹುಟ್ಟಿದ ಜಾಣತನ ಇದು. ಅದೇ ಎಂಜಿನ್ ಹೋಮ್‌ಸ್ಟೇಯವರ ಕೈಗೆ ಬಂದು ಬರೀ ಪೆಟ್ರೋಲಿನಲ್ಲಿ ಓಡಿದಾಗ "ಇದಕ್ಕೆ ಎಳೆತವೇ ಇಲ್ಲ" ಎಂದು ಅವರು ಇನ್ನೂ ದೊಡ್ಡ ಎಂಜಿನ್ ಹುಡುಕುತ್ತಾರೆ. ಗ್ಯಾಸ್ಕೆಟ್ಟಿನ ಕತೆ ಯಾರೂ ಹೇಳಿರುವುದಿಲ್ಲ. ಹಾಗೆಯೇ ಭಾರದ ಎಂಜಿನ್ ಕೂರಿಸಿಕೊಂಡ ಮೀನುಗಾರ ಮುಂಬದಿಯಲ್ಲಿ ಐಸ್ ಪೆಟ್ಟಿಗೆಯನ್ನೋ ಬಲೆಯ ಗಂಟನ್ನೋ ಇಟ್ಟಿರುತ್ತಾನೆ. ಮಾರುವಾಗ ಬಲೆ, ಪೆಟ್ಟಿಗೆ ಎತ್ತಿಟ್ಟುಕೊಳ್ಳುತ್ತಾನೆ, ಅವು ಅವನವು ತಾನೆ. ಅವು ದೋಣಿಯ ಸಮತೋಲದ ಭಾಗವಾಗಿದ್ದವು ಎಂದು ಹೇಳಬೇಕೆಂದು ಅವನಿಗೂ ಹೊಳೆಯುವುದಿಲ್ಲ.

ಬಳಕೆಯೇ ಬದಲಾದಾಗ ಈ ಮೌನ ಇನ್ನೂ ದುಬಾರಿ. ಮೀನು ಹಿಡಿಯುವ ದೋಣಿಯನ್ನು ಕಟ್ಟುವುದು ಭಾರ ತಳದಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ: ಬಲೆ, ಐಸ್, ಮೀನು. ಅದಕ್ಕೆ ಚಪ್ಪರ ಹಾಕಿ, ಬೆಂಚು ಕೂರಿಸಿ, ಮೇಲೊಂದು ಅಟ್ಟ ಕಟ್ಟಿ ಪ್ರವಾಸಿಗರನ್ನು ಹತ್ತಿಸಿದರೆ ಭಾರ ಮೇಲಕ್ಕೆ ಹೋಗುತ್ತದೆ. ಮೀನು ಇದ್ದಲ್ಲೇ ಇರುತ್ತದೆ. ಮನುಷ್ಯರು ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಓಡುತ್ತಾರೆ. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಲಾಗಿತ್ತು ಎಂಬುದೇ ಆಗ ಎದ್ದ ಮುಖ್ಯ ಆರೋಪ, ನ್ಯಾಯಾಂಗ ತನಿಖೆಗೆ ಆಯೋಗವೂ ನೇಮಕವಾಯಿತು. ಅದಕ್ಕೂ ಮುಂಚೆ, 2019ರ ಜನವರಿ 21ರಂದು, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅಲ್ಲಿ ಕೇಳಿಬಂದ ದೂರು ಮಿತಿಮೀರಿ ಜನ ಹತ್ತಿಸಿದ್ದರ ಬಗ್ಗೆ. ಇವು ಸಣ್ಣ ಖಾಸಗಿ ದೋಣಿಗಳ ಕತೆಯಲ್ಲ, ನಿಜ. ಆದರೆ ಹತ್ತುವವರ ಕಣ್ಣೆದುರು ಈ ದೋಣಿ ಎಷ್ಟು ಜನಕ್ಕೆ, ಯಾವ ಕೆಲಸಕ್ಕೆ ಕಟ್ಟಿದ್ದು ಎಂದು ಹೇಳುವ ಬರಹ ಇರಬೇಕು ಎನ್ನಲು ಇಷ್ಟು ಸಾಲದೆ?

ಕಾನೂನು ಕಾಪಾಡುತ್ತದೆ ಎಂದು ನಂಬಿ ಕೂರುವಂತಿಲ್ಲ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ವಸ್ತು ಉದ್ದೇಶಕ್ಕೆ ತಕ್ಕಂತಿರಬೇಕು ಎಂಬ ಹೊಣೆ ತಾನಾಗಿ ಬರುವುದು ಅಂಥ ಸರಕಿನ ವ್ಯಾಪಾರವನ್ನೇ ಮಾಡುವವರ ಮೇಲೆ. ಮನೆಯ ದೋಣಿಯನ್ನು ಒಮ್ಮೆ ಮಾರುವ ಖಾಸಗಿ ವ್ಯಕ್ತಿ ಆ ಬಲೆಗೆ ಬೀಳುವುದಿಲ್ಲ. ಇನ್ನು 1872ರ ಕರಾರು ಕಾಯಿದೆಯ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಬರುತ್ತದೆ. ಕುದುರೆಗೆ ರೋಗವಿದೆ ಎಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು, ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನವೇ ಮಾತಿಗೆ ಸಮ. ಸುಮಾರು ನೂರೈವತ್ತು ವರ್ಷ ಹಳೆಯ ಈ ಕುದುರೆ ಇವತ್ತಿನ ದೋಣಿಗೆ ಪಕ್ಕಾ ಹೊಂದುತ್ತದೆ. ಮುಂಗಡ ಕೊಡುವ ಮುಂಚೆ ಮಾರುವವರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಬೇಕು: "ಹಿಂಬದಿಯ ಹಲಗೆ ಒಡೆದು ಮತ್ತೆ ಕಟ್ಟಿಲ್ಲ, ಎಂಜಿನ್ ನೀರಲ್ಲಿ ಮುಳುಗಿಲ್ಲ, ಸೀಮೆಎಣ್ಣೆಗೆ ಬದಲಿಸಿಲ್ಲ ಎಂದು ತಿಳಿದಿದ್ದೇವೆ. ಇದರಲ್ಲಿ ಯಾವುದಾದರೂ ತಪ್ಪಿದ್ದರೆ ತಿಳಿಸಿ ಅಣ್ಣ." ಮಾತು ಮೃದುವಾಗಿದೆ, ಯಾರ ಮನಸ್ಸೂ ನೋಯುವುದಿಲ್ಲ. ಉತ್ತರ ಬಂದರೆ ದೋಣಿಯ ಚರಿತ್ರೆ ಸಿಕ್ಕಿತು. ಬರದಿದ್ದರೆ ಅದೂ ಉತ್ತರವೇ. ಹಾಗೆಂದು ಪರೀಕ್ಷೆ ಬಿಡಬಾರದು: ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದನ್ನು ನೋಡದೆ ಬಿಟ್ಟವರು ಆಮೇಲೆ ಮೌನದಿಂದ ಮೋಸವಾಯಿತು ಎಂದು ಕರಾರು ಮುರಿಯುವುದಕ್ಕೆ ಅದೇ ಕಾಯಿದೆ ಅಡ್ಡ ಬರುತ್ತದೆ.

ಪರೀಕ್ಷೆ ಎಂದರೆ ಎಂಜಿನ್ನಿನ ಮೇಲ್ಗವಸು ಹೊಳೆಯುತ್ತದೋ ಇಲ್ಲವೋ ನೋಡುವುದಲ್ಲ. ಆ ಗವಸನ್ನು ಮೊದಲು ತೆಗೆಸಬೇಕು. ಅದರ ಮೇಲಿನ ಎಚ್‌ಪಿ ಸ್ಟಿಕರ್ ಯಾವುದೂ ಆಗಬಹುದು. ನಿಜವಾದ ಮಾಡೆಲ್ ಮತ್ತು ನಂಬರ್ ಇರುವುದು ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ತಗಡಿನಲ್ಲಿ. ಆ ತಗಡು ಇಲ್ಲದಿದ್ದರೆ, ಕೆರೆದಿದ್ದರೆ, ವ್ಯವಹಾರ ಅಲ್ಲಿಗೇ ನಿಲ್ಲಿಸುವುದು ಲೇಸು, ಕಳವಿನ ಎಂಜಿನ್ ಆಗಿರಬಹುದು. ಬ್ರ್ಯಾಂಡ್ ಕೂಡ ನೋಡಬೇಕು: ಓಲೆ ಎವಿನ್‌ರೂಡ್ ಹೆಸರಿನ ಎಂಜಿನ್ನುಗಳ ತಯಾರಿಕೆಯೇ 2020ರಲ್ಲಿ ನಿಂತುಹೋಯಿತು, ಬಿಡಿಭಾಗ ಹುಡುಕುತ್ತ ಅಲೆಯುವ ಸಹನೆ ಇದ್ದವರಿಗೆ ಮಾತ್ರ ಅವು. ನೋಡಲು ಹೋದಾಗ ಎಂಜಿನ್ ಆಗಲೇ ಬೆಚ್ಚಗಿದ್ದರೆ ಮಾರುವವರು ಮೊದಲೇ ಒಮ್ಮೆ ಚಾಲೂ ಮಾಡಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂದು ತಿಳಿಯಲು ಮರುದಿನ ಹೇಳದೆ ಹೋಗಬೇಕು. ಚಾಲೂ ಆದ ಮೇಲೆ ಹಿಂದಿನಿಂದ ಚಿಮ್ಮುವ ನೀರಿನ ಎಳೆ ಬಲವಾಗಿರಬೇಕು, ತಂಪಿಸುವ ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಹೊರಗೆ ಕಾಣುವ ಗುರುತು ಅದು. ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆ ಸ್ವಲ್ಪ ಇಳಿಸಿ ನೋಡಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಹತ್ತಿರವಿರಬೇಕು, ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಒಳಗೆ ಸವೆದಿದೆ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಎಂಜಿನ್ ಹೇಗೆ ತೊಳೆಯುತ್ತೀರಿ, ತೋರಿಸಿ ಎಂದು ಕೇಳಿದರೆ ಸಾಕು, ಡ್ರಮ್ಮು ಪೈಪು ಕೈಯಳತೆಯಲ್ಲೇ ಇದ್ದರೆ ಅದು ಪಾಲಿಸಿಕೊಂಡು ಬಂದ ಎಂಜಿನ್.

ಎಂಜಿನ್ನಿಗಿಂತ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಅದು ತೂಗುವ ಹಲಗೆ. ಫೈಬರ್ ದೋಣಿಗಳಲ್ಲಿ ಅದರ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಮಾರ್ಪಾಡಿನಲ್ಲಿ ಕೊರೆದ ಪ್ರತಿ ತೂತೂ ಅದಕ್ಕೆ ನೀರಿನ ದಾರಿ. ಹೊರಗೆ ಬಣ್ಣ ಮಿರುಗುತ್ತಿದ್ದರೂ ಒಳಗಿನ ಹಲಗೆ ಕೊಳೆತು ಹಿಟ್ಟಾಗಿರಬಹುದು. ಸಣ್ಣ ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಹೋದರೆ ಗಟ್ಟಿ ಜಾಗ ಟಕ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ದಪ್ ಎನ್ನುತ್ತದೆ. ಎಂಜಿನ್ನನ್ನು ಓರೆ ಎತ್ತಿ ಕೆಳಭಾಗ ಹಿಡಿದು ಅಲುಗಿಸಿದಾಗ ಹಲಗೆಯೂ ಅಲುಗಿದರೆ ಯಾವ ರಿಯಾಯಿತಿಗೂ ಆಸೆಪಡಬಾರದು. ಎಂಜಿನ್ನಿನ ಕಾಲಿನ ಉದ್ದ 15, 20, 25 ಇಂಚು ಎಂದು ಬರುತ್ತದೆ. ಹಲಗೆಯ ಎತ್ತರಕ್ಕೆ ಅದು ಹೊಂದದಿದ್ದಾಗ ಮರದ ತುಂಡು ಸೇರಿಸಿ ಎತ್ತರಿಸುತ್ತಾರೆ. ಹಾಗೆ ಎತ್ತರಿಸಿದ್ದರೆ ಬೋಲ್ಟು ಆ ತುಂಡಿನಲ್ಲಷ್ಟೇ ನಿಂತಿದೆಯೋ ಹಲಗೆಯ ಆಚೆಗೂ ಹಾದಿದೆಯೋ ನೋಡಬೇಕು. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ಹೆಚ್ಚುಕಡಿಮೆ ದೋಣಿಯ ತಳದ ಮಟ್ಟಕ್ಕೇ ಬರಬೇಕು.

ಆಮೇಲೆ ನೀರಿಗಿಳಿಸುವುದು, ಅದೂ ಬರೀ ಇಬ್ಬರನ್ನಲ್ಲ, ದಿನಾ ಎಷ್ಟು ಜನ ಹತ್ತುತ್ತಾರೋ ಅಷ್ಟು ಭಾರ ಹಾಕಿ. ಪೂರ್ತಿ ವೇಗದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು ತಯಾರಕರು ಹೇಳಿದ ಮಿತಿಯೊಳಗಿರಬೇಕು. ಕೆಳಗಿದ್ದರೆ ಪ್ರೊಪೆಲ್ಲರ್ ತಪ್ಪು ಅಥವಾ ಎಂಜಿನ್ ದಣಿದಿದೆ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ದಾರ ಕೆಲಸ ಮಾಡುತ್ತದೆಯೇ ಎಂದೂ ಆಗಲೇ ಎಳೆದು ನೋಡಬೇಕು. ಎಷ್ಟೋ ಕಡೆ ಆ ಸ್ವಿಚ್ಚನ್ನೇ ತಂತಿ ಕಟ್ಟಿ ಬೈಪಾಸ್ ಮಾಡಿರುತ್ತಾರೆ.

ಕಾಗದಪತ್ರದ ಮಾತು ಚುಟುಕಾಗಿ ಮುಗಿಸಬಹುದು. ಒಳನಾಡು ನೀರಿನಲ್ಲಿ ಯಂತ್ರಚಾಲಿತ ದೋಣಿ ಓಡಿಸಲು 2021ರ ಒಳನಾಡು ಹಡಗು ಕಾಯಿದೆಯಡಿ ಸರ್ವೆ, ನೋಂದಣಿ ಬೇಕು. ಮಾರ್ಪಾಡನ್ನೂ ಮಾಲೀಕತ್ವದ ಬದಲಾವಣೆಯನ್ನೂ ನೋಂದಣಿ ಕಚೇರಿಗೆ ತಿಳಿಸಬೇಕು. ಮೀನುಗಾರಿಕೆ ದೋಣಿಯೆಂದು ನೋಂದಾಯಿಸಿದ್ದನ್ನು ಕೊಂಡ ಮಾತ್ರಕ್ಕೆ ಪ್ರವಾಸಿಗರನ್ನು ಹತ್ತಿಸುವ ಹಕ್ಕು ಬರುವುದಿಲ್ಲ. ಎಂಜಿನ್ ಸರ್ಕಾರದ ಸಬ್ಸಿಡಿಯಲ್ಲಿ ಬಂದಿದ್ದರೆ ಮಾರಾಟಕ್ಕೆ ಷರತ್ತಿರಬಹುದು, ಕೇಳಿ ತಿಳಿಯಬೇಕು.

ಆದರೆ ಈ ಕಾಗದಗಳಲ್ಲಿ ಯಾವುದೂ ದೋಣಿಯ ಮೈಮೇಲೆ ಇರುವುದಿಲ್ಲ, ಕಪಾಟಿನಲ್ಲಿರುತ್ತದೆ. ಯುರೋಪಿನ ವಿಹಾರ ದೋಣಿಗಳ ನಿಯಮ ಇಲ್ಲಿ ಅಮೆರಿಕದ್ದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ತಯಾರಕರ ಫಲಕ ಕಡ್ಡಾಯ. ಅದರ ಜೊತೆಗೆ ಓಡಿಸುವ ವಿಧಾನವನ್ನೇ ಬದಲಿಸುವಂಥ ದೊಡ್ಡ ಮಾರ್ಪಾಡು ಮಾಡಿದರೆ ಹಾಗೆ ಮಾಡಿದವರೇ ಮರುಪರೀಕ್ಷೆ ಮಾಡಿಸಬೇಕು. ನಮ್ಮಲ್ಲೂ ಅಂಗೈಯಗಲದ ಒಂದು ತಗಡು ಸಾಕು. ಉದ್ದ, ಅಗಲ, ಎಂಜಿನ್ನಿನ ಗರಿಷ್ಠ ಎಚ್‌ಪಿ ಮತ್ತು ತೂಕ, ಎಷ್ಟು ಜನ, ಕೊನೆಯ ಮಾರ್ಪಾಡು ಏನು, ಯಾವ ವರ್ಷ. ಕನ್ನಡದಲ್ಲಿ, ಎಂಜಿನ್ನಿನ ಪಕ್ಕದಲ್ಲಿ. ಮಾರಾಟದ ನೋಂದಣಿಗೆ ಹೋದಾಗ ಆ ತಗಡಿನ ಫೋಟೊ ಇಲ್ಲದೆ ಹೆಸರು ಬದಲಿಸುವುದಿಲ್ಲ ಎಂದು ಬಂದರು ಇಲಾಖೆ, ಮೀನುಗಾರಿಕೆ ಇಲಾಖೆ ಹೇಳಿದರೆ ಆಯಿತು.

ಇದಕ್ಕೆ ದಡದಲ್ಲಿ ಸಿಗುವ ಉತ್ತರ ಗೊತ್ತಿರುವಂಥದ್ದೇ: "ನಲವತ್ತು ವರ್ಷ ಕಡಲಿಗೆ ಹೋದವನಿಗೆ ತಗಡು ನೋಡಿ ದೋಣಿ ನಡೆಸಲು ಕಲಿಸುತ್ತೀರಾ?" ಆ ಕೋಪ ನ್ಯಾಯವಾದದ್ದೇ. ಅವನಿಗೆ ತಗಡು ಬೇಕಿಲ್ಲ. ಅವನ ಅಳಿವೆ, ಅವನ ದೋಣಿ, ಅವನ ಕೈ ಮೂರೂ ಒಟ್ಟಿಗಿರುವ ತನಕ ಯಾವ ಸೂತ್ರಕ್ಕಿಂತಲೂ ಅವನ ಅಂದಾಜೇ ಮೇಲು. ಮಾರಿದ ದಿನ ಆ ಮೂರೂ ಬೇರೆಯಾಗುತ್ತವೆ. ತಗಡು ಬೇಕಿರುವುದು ಅವನಿಂದ ಕೊಳ್ಳುವವನಿಗೆ, ಅವನಿಂದ ಮತ್ತೊಮ್ಮೆ ಕೊಳ್ಳುವವನಿಗೆ, ಏನೂ ಗೊತ್ತಿಲ್ಲದೆ ಮಗುವನ್ನೆತ್ತಿಕೊಂಡು ಹತ್ತುವವರಿಗೆ.

ಇಲಾಖೆಗಳು ಎಚ್ಚರಗೊಳ್ಳುವ ತನಕ ಕೊಳ್ಳುವವರೇ ಮಾಡಿಕೊಳ್ಳಬಹುದಾದ ಏರ್ಪಾಡೊಂದಿದೆ. ಚೌಕಾಸಿ ಮಾಡಿ ಉಳಿಸಿದ ಐದಾರು ಸಾವಿರವನ್ನು ಮಾರಿದವನಿಗೇ ಕೂಲಿಯಾಗಿ ಕೊಟ್ಟು ಮೂರು ದಿನ ಜೊತೆಗೆ ಕರೆದೊಯ್ಯುವುದು. ಮೊದಲ ದಿನ ಅವನು ನಡೆಸಲಿ, ಎರಡನೆಯ ದಿನ ಅವನು ಮುಂಬದಿಯಲ್ಲಿ ಕೂತು ನೋಡಲಿ, ಮೂರನೆಯ ದಿನ ಅಳಿವೆಯ ಬಾಯಿಯಲ್ಲಿ ನೀರು ಇಳಿಯುವ ಹೊತ್ತಿಗೆ ಹೋಗಲಿ. ಆಗ ಅವನ ಬಾಯಿಂದ ತಾನಾಗಿ ಬರುವ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದು ಎಂಜಿನ್ನಿನ ಕಾಗದಗಳ ಜೊತೆ ಇಡಬೇಕು: ಮುಂದೆ ಯಾರೂ ಇಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ, ಎಡಕ್ಕೆ ತಿರುಗುವಾಗ ಇದು ಸ್ವಲ್ಪ ಎಳೆಯುತ್ತದೆ, ಹಿಂದಿನ ಬೆಂಚಿನಡಿಯ ತೂತಿಗೆ ಬಿರಡೆ ಹಾಕಿದ್ದೇನೆ, ಅದನ್ನು ತೆಗೆಯಬೇಡಿ.